ಶವವಾಹನದ ಚಾವಣಿ: ಹೊರಗೆ ವೆಲ್ಡಿಂಗ್, ಒಳಗೆ ಚಿತ್ರ

ಚಾವಣಿಯ ವಿನೈಲ್ ಹೊದಿಕೆಯನ್ನು ಅಂತೂ ಪೂರ್ತಿ ಕಿತ್ತಾಯಿತು. ದುರಸ್ತಿ ಮಾಡಿ ಚಿತ್ರ ಬರೆಯಲು ಹೊರಟಿರುವ 1973ರ ಈ ಕ್ಯಾಡಿಲಾಕ್ (ಅಮೆರಿಕದ ಐಷಾರಾಮಿ ಕಾರು ಕಂಪನಿ) ಶವವಾಹನದಲ್ಲಿ ನನಗೆ ಹೆಚ್ಚು ಭಯವಿದ್ದದ್ದೇ ಅಲ್ಲಿ. ವಿನೈಲ್ ಅಡಿಗೆ ಒಮ್ಮೆ ನೀರು ಇಳಿದರೆ ಆರುವುದಿಲ್ಲ. ಮೇಲೆ ಮಿರಮಿರ ಮಿಂಚುತ್ತಿರುವಾಗಲೇ ತಗಡನ್ನು ತುಕ್ಕು ತಿಂದಿರುತ್ತದೆ. ಹಿಂದಿನ ಅಂಚಿನಲ್ಲಿ ಸ್ಕ್ರೂಡ್ರೈವರ್ ಒತ್ತಿದರೆ ತಗಡು ಹಪ್ಪಳದಂತೆ ಮುರಿಯಿತು. ಗಟ್ಟಿ ಲೋಹ ಸಿಗುವವರೆಗೂ ಕತ್ತರಿಸಿ, ಹೊಸ ತುಂಡು ಕೂರಿಸಿ, ಚುಕ್ಕಿ ಚುಕ್ಕಿಯಾಗಿ ವೆಲ್ಡ್ ಮಾಡಿದೆ. ಒಂದೇ ಸಮನೆ ಎಳೆದರೆ ಇಷ್ಟಗಲದ ತಗಡು ಕಾವಿಗೆ ಸೊಟ್ಟಗಾಗುತ್ತದೆ. ತುಕ್ಕು ತಡೆಯುವ ಎಪಾಕ್ಸಿ ಪ್ರೈಮರ್ ಕೂಡ ಹೊಡೆದಾಗಿದೆ.

ಇಂಥ ಗಾಡಿಗಳಿಗೆ ಕ್ಯಾಡಿಲಾಕ್ ಕೊಡುತ್ತಿದ್ದದ್ದು ಉದ್ದನೆಯ ಚಾಸಿ (ಗಾಡಿಯ ಅಡಿಚೌಕಟ್ಟು), ಎಂಜಿನ್ ಮತ್ತು ಮುಂಭಾಗ. ಉಳಿದ ಬಾಡಿ ಕಟ್ಟುತ್ತಿದ್ದವರು ಮಿಲ್ಲರ್-ಮೀಟಿಯರ್, ಸುಪೀರಿಯರ್‌ನಂಥ ಕೋಚ್ ಕಂಪನಿಗಳು. ನನ್ನದು ಓಹಾಯೋ ರಾಜ್ಯದ ಲೈಮಾ ಊರಿನಲ್ಲಿದ್ದ ಸುಪೀರಿಯರ್‌ನದು. ಮುಂದಿನ ಚಕ್ರಕ್ಕೂ ಹಿಂದಿನ ಚಕ್ರಕ್ಕೂ 4 ಮೀಟರ್ ಅಂತರ, 7.7 ಲೀಟರ್‌ನ ವಿ-8 ಎಂಜಿನ್. ಎಂಜಿನ್ ಚೆನ್ನಾಗಿದೆ, ಅದರ ತಂಟೆಗೆ ಹೋಗಿಲ್ಲ.

ಹಿಂಬದಿಯ ಎರಡೂ ಪಕ್ಕದಲ್ಲಿ 'ಎಸ್' ಆಕಾರದ ಕ್ರೋಮ್ ಪಟ್ಟಿಗಳಿವೆ; ಲ್ಯಾಂಡೋ ಬಾರ್ ಅಂತಾರೆ. ಕುದುರೆ ಸಾರೋಟಿನ ಮಡಿಚುವ ಕಮಾನಿಗೆ ಆಸರೆಯಾಗಿದ್ದ ಕೀಲು ಅದು. ಇಲ್ಲಿ ಮಡಿಚಲು ಏನೂ ಇಲ್ಲ, ಬರೀ ಅಲಂಕಾರ. ಹೊಸ ರೂಪ ಕೊಡುವಾಗ ಇದನ್ನು ಬಿಚ್ಚಿ ರಂಧ್ರ ಮುಚ್ಚಿಬಿಡುವವರಿದ್ದಾರೆ. ನನಗೆ ಮನಸ್ಸಾಗಲಿಲ್ಲ. ಹೊರಗಿನ ಚಿತ್ರದ ಬಳ್ಳಿ ಅದರ ತಿರುವಿನಿಂದಲೇ ಹೊರಟು ಹಿಂಬಾಗಿಲಿನತ್ತ ಹಬ್ಬುತ್ತದೆ. ಶವಪೆಟ್ಟಿಗೆ ಸರಿಸುವ ನೆಲದ ರೋಲರ್‌ಗಳೂ ಇದ್ದಲ್ಲೇ ಇರುತ್ತವೆ. ಎಷ್ಟೋ ಜನರನ್ನು ಕೊನೆಯ ಬಾರಿ ಹೊತ್ತ ಗಾಡಿ ಇದು. ಆ ಗುರುತು ಅಳಿಸಿದರೆ ಉಳಿಯುವುದು ಒಂದು ಉದ್ದನೆಯ ಕಾರು, ಅಷ್ಟೇ.

ತಲೆಬುರುಡೆ, ಬಾವಲಿ ಬರೆಸುವವರೂ ಇದ್ದಾರೆ, ಕೆಲವು ನಿಜಕ್ಕೂ ಸೊಗಸಾಗಿವೆ. ನನ್ನ ಮನಸ್ಸಿನಲ್ಲಿರುವುದು ಮಾತ್ರ ಒಳಚಾವಣಿ. ಹಿಂದೆ ಅಂಗಾತ ಮಲಗಿದವರಿಗಷ್ಟೇ ಪೂರ್ತಿ ಕಾಣುವ ಜಾಗ ಅದು, ಹಾಗಾಗಿ ಚಿತ್ರವನ್ನೂ ಅವರಿಗೆಂದೇ ಬರೆಯುತ್ತಿದ್ದೇನೆ: ನಸುಕಿನ ಆಕಾಶ, ತಲೆಯ ಕಡೆಯಿಂದ ಕಾಲಿನ ಕಡೆಗೆ ಹಾರುವ ಕೊಕ್ಕರೆ ಸಾಲು. ರೋಲರ್‌ಗಳ ಮೇಲೆ ಹಲಗೆ ಹಾಸಿ ಮಲಗಿ ನೋಡಿದೆ. ಚಾವಣಿ ತೀರಾ ಹತ್ತಿರ, ಕುಂಚದ ಒಂದೊಂದು ಗೆರೆಯೂ ಕಾಣುತ್ತದೆ. ಅದಕ್ಕೇ ಕೊಕ್ಕರೆಗಳನ್ನು ಅಂಗೈಗಿಂತ ಚಿಕ್ಕದಾಗಿಸಿ, ರೆಕ್ಕೆಯ ತುದಿಗೆ ಮಾತ್ರ ಕಡುಗಪ್ಪು ಕೊಟ್ಟೆ.

ಜೋತುಬಿದ್ದಿದ್ದ ಹಳೆಯ ಬಟ್ಟೆಯ ಬದಲು ಬಾಗುವಂಥ ತೆಳು ಪ್ಲೈವುಡ್ ಬರುತ್ತದೆ. ಮೇಜಿನ ಮೇಲೇ ಅಕ್ರಿಲಿಕ್‌ನಲ್ಲಿ ಬರೆದು ಆಮೇಲೆ ಕೂರಿಸುತ್ತೇನೆ. ಅದಕ್ಕೂ ಮೊದಲು ಹಿಂಬಾಗಿಲಿನ ರಬ್ಬರ್ ಬದಲಾಗಬೇಕು. ಅಲ್ಲಿಂದ ನೀರು ಒಸರಿದರೆ ಪ್ಲೈವುಡ್ ಉಬ್ಬುವುದು ಖಂಡಿತ.