ಎಡಗಣ್ಣಿನ ರೆಪ್ಪೆಗೂದಲು

ಅಮೆರಿಕದ ಕನೆಕ್ಟಿಕಟ್ ರಾಜ್ಯದಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದ ಅಕ್ಕನ ಮಗ ರಜೆ ಹಾಕಿ ಕಲಬುರಗಿಗೆ ಬಂದಾಗ, ಹೆಣ್ಣು ತೋರಿಸುವ ಉಮೇದಿನಲ್ಲಿದ್ದ ನಮಗೆಲ್ಲ ಗುರುತೇ ಸಿಗದ ಹುಡುಗನೊಬ್ಬ ಎದುರಾದ. ರಾತ್ರಿ ನಿದ್ದೆಯಿಲ್ಲ, ಹಗಲೆಲ್ಲ ಕಿಟಕಿ ಮುಚ್ಚಿ ಕಿವಿಗೆ ಹತ್ತಿ ತುರುಕಿಕೊಂಡು ಮಲಗಿರುತ್ತಿದ್ದ. ಅಡುಗೆಮನೆಯಲ್ಲಿ ಅಕ್ಕ ರೊಟ್ಟಿ ಬಡಿಯುವ ಸಪ್ಪಳಕ್ಕೂ ಸಿಡಿದೆದ್ದು ಬೈಯುತ್ತಿದ್ದ, ಬೈದ ಮರುಗಳಿಗೆಯಲ್ಲಿ ಅಳುತ್ತಿದ್ದ. ಆಫೀಸಿನವರು ಫೋನಿನ ಮೂಲಕ ತನ್ನ ಮಾತು ಕದ್ದು ಕೇಳುತ್ತಿದ್ದಾರೆಂಬ ಗುಮಾನಿ ಬೇರೆ. ಒಮ್ಮೆ ಕಿರಾಣಿ ಅಂಗಡಿಯ ಮುಂದೆ ಅಂಗೈಯಲ್ಲಿ ಚಿಲ್ಲರೆ ಹಿಡಿದು ನಿಂತವನು, "ಮಾಮಾ, ನನಗ ಲೆಕ್ಕಾನೇ ಹತ್ತವಲ್ದು" ಎಂದಾಗ, ಶಾಲೆಯಲ್ಲಿ ಗಣಿತಕ್ಕೆ ಹೆಸರಾಗಿದ್ದ ಹುಡುಗನ ಮುಖ ನೋಡಲು ನನಗೆ ಧೈರ್ಯ ಸಾಲಲಿಲ್ಲ.

ನಮ್ಮ ಭಾಗದಲ್ಲಿ ಇಂಥ ಹೊತ್ತಿನಲ್ಲಿ ಮೊದಲು ಬಾಯಿಗೆ ಬರುವ ಹೆಸರು ಅಫಜಲಪುರ ತಾಲ್ಲೂಕಿನ ಗಾಣಗಾಪುರ. ಅಕ್ಕನ ಹಟಕ್ಕೆ ನಾವೂ ಹೋದೆವು. ಭೀಮಾ–ಅಮರ್ಜಾ ಸಂಗಮದಲ್ಲಿ ಮಿಂದು, ನಿರ್ಗುಣ ಪಾದುಕೆಗಳ ದರ್ಶನ ಮಾಡಿ, ಮಧ್ಯಾಹ್ನದ ಮಹಾಮಂಗಳಾರತಿಗೆ ನಿಂತೆವು. ಗಾಳಿ ಸೋಕಿದವರೆಂದು ಕರೆತಂದ ಜನ ಕಂಬಗಳನ್ನು ತಬ್ಬಿ ಚೀರುವ ಹೊತ್ತು ಅದು. ನಮ್ಮ ಹುಡುಗ ಮಾತ್ರ ಗಂಟೆಯ ನಾದ ಶುರುವಾದ ಕೂಡಲೇ ಎರಡೂ ಕಿವಿ ಮುಚ್ಚಿಕೊಂಡು ಹೊರಗೋಡಿದ. ಅಲ್ಲಿಗೆ ಹೋದದ್ದಕ್ಕೆ ನನಗೆ ನಾಚಿಕೆಯೇನೂ ಇಲ್ಲ, ಏಕೆಂದರೆ ಮನೆಯಲ್ಲಿ ಮುಚ್ಚಿಟ್ಟಿದ್ದ ಸಂಗತಿಯನ್ನು ಅಕ್ಕ ನಾಲ್ಕು ಜನರೆದುರು ಒಪ್ಪಿಕೊಂಡದ್ದು ಅಲ್ಲಿಯೇ. ಮಾರನೆಯ ದಿನ ಕಲಬುರಗಿಯ ಮನೋವೈದ್ಯರೊಬ್ಬರ ಬಳಿಗೆ ಹೋಗಲು ಅವಳು ತಕರಾರಿಲ್ಲದೆ ಒಪ್ಪಿದಳು.

ಮೇಡಂ ಮೊದಲು ಮನಸ್ಸಿನ ಮಾತು ಕೇಳಿದರು, ನಿದ್ದೆ, ಭಯ, ಸಾಯುವ ವಿಚಾರ ಎಲ್ಲವನ್ನೂ. ಆಮೇಲೆ ನಾನು ನಿರೀಕ್ಷಿಸದ ಕೆಲಸವೊಂದನ್ನು ಮಾಡಿದರು. ಚಹಾ ಕುಡಿಯುವಾಗ ಅವನು ಬೆರಳಿನಿಂದ ಎಡಗೆನ್ನೆ ಒತ್ತಿಕೊಳ್ಳುವುದನ್ನು ಕಂಡು, ಎರಡೂ ಕಣ್ಣು ಬಿಗಿಯಾಗಿ ಮುಚ್ಚಲು ಹೇಳಿದರು. ಬಲಗಣ್ಣಿನ ರೆಪ್ಪೆಗೂದಲು ಪೂರ್ತಿ ಒಳಗೆ ಹೂತುಹೋದವು. ಎಡಗಣ್ಣಿನವು ಹೊರಗೇ ಉಳಿದು ಸಾಲಾಗಿ ಕಾಣಿಸುತ್ತಿದ್ದವು. "ಈ ಕಡೆ ಬಾಯಿ ಯಾವಾಗರೆ ಸೊಟ್ಟಾಗಿತ್ತೇನಪಾ?" ಎಂದು ಕೇಳಿದರು. ಆಗಿತ್ತು. ಹಿಂದಿನ ಬೇಸಿಗೆಯಲ್ಲಿ ಅಲ್ಲಿನ ಕ್ಲಿನಿಕ್ ಒಂದರಲ್ಲಿ ಮುಖದ ಲಕ್ವ ಎಂದು ಮಾತ್ರೆ ಕೊಟ್ಟಿದ್ದರು, ಕೆಲವೇ ವಾರಗಳಲ್ಲಿ ಬಹುಪಾಲು ಸರಿಹೋಗಿತ್ತು, ಮನೆಯವರಿಗೆ ಗಾಬರಿಯಾಗಬಾರದೆಂದು ಅವನು ಹೇಳಿಯೇ ಇರಲಿಲ್ಲ. ಅದಕ್ಕೂ ಮುಂಚೆ ಗೆಳೆಯರೊಡನೆ ಕಾಡಿನ ದಾರಿಯಲ್ಲಿ ನಡೆದು ಬಂದ ಮೇಲೆ ತೊಡೆಯ ಮೇಲೊಂದು ಕೆಂಪು ಮಚ್ಚೆ ಎದ್ದಿತ್ತು. ಅದು ದಿನದಿಂದ ದಿನಕ್ಕೆ ಅಗಲವಾಗುತ್ತ ಹೋದರೂ ತುರಿಕೆಯಾಗಲಿ ನೋವಾಗಲಿ ಇರಲಿಲ್ಲವಾದ್ದರಿಂದ, ಗಜಕರ್ಣವಿರಬೇಕೆಂದು ಮುಲಾಮು ಹಚ್ಚಿಕೊಂಡಿದ್ದ.

ಲೈಮ್ ರೋಗದ ಹೆಸರು ನಾನು ಕೇಳಿದ್ದು ಅಂದೇ. ಲೈಮ್ ಎಂಬುದು ಅವನಿದ್ದ ಕನೆಕ್ಟಿಕಟ್‌ನದೇ ಒಂದು ಊರು. 1975ರ ಸುಮಾರಿಗೆ ಅಲ್ಲಿನ ಮಕ್ಕಳಿಗೆ ಸಾಲುಸಾಲಾಗಿ ಕೀಲು ಬಾವು ಬರತೊಡಗಿದಾಗ, ಇದು ಸಹಜವಲ್ಲವೆಂದು ಪಟ್ಟು ಹಿಡಿದು ಅಧಿಕಾರಿಗಳನ್ನು ಎಬ್ಬಿಸಿದವರು ತಾಯಂದಿರು. ವಿಲ್ಲಿ ಬರ್ಗ್‌ಡಾರ್ಫರ್ ಎಂಬ ವಿಜ್ಞಾನಿ ಉಣ್ಣಿಯ ಹೊಟ್ಟೆಯಲ್ಲಿ ಸುರುಳಿಯಾಕಾರದ ರೋಗಾಣುವನ್ನು ಕಂಡದ್ದು 1981ರಲ್ಲಿ. ಉಣ್ಣಿಯೆಂದರೆ ನಮಗೆ ಎಮ್ಮೆಯ ಕಿವಿಯಲ್ಲಿ ಉಬ್ಬಿ ಕೂತಿರುವ ಹುಳು, ಇಲ್ಲವೇ ಶಿವಮೊಗ್ಗದ ಕಡೆಯ ಮಂಗನ ಕಾಯಿಲೆಯ ನೆನಪು. ಈ ರೋಗ ಹರಡುವ ಎಳೆಯ ಉಣ್ಣಿ ಗಸಗಸೆ ಕಾಳಿನಷ್ಟೇ ಇರುವುದರಿಂದ, ಕಚ್ಚಿದ್ದು ಎಷ್ಟೋ ಜನರ ಗಮನಕ್ಕೇ ಬರುವುದಿಲ್ಲ. ರೋಗಾಣು ನರಮಂಡಲಕ್ಕೆ ಇಳಿದರೆ ಮುಖದ ನರ ಸೋಲಬಹುದು, ಬೆಳಕು ಮತ್ತು ಸದ್ದು ಸಹಿಸದಾಗಬಹುದು, ನೆನಪು ಮಂದವಾಗಬಹುದು, ಖಿನ್ನತೆ, ಆತಂಕ, ಅಪರೂಪಕ್ಕೆ ಭ್ರಮೆಯೂ ತಲೆದೋರಬಹುದು. ಸಿಫಿಲಿಸ್ ರೋಗಾಣುವೂ ಇದೇ ಸುರುಳಿ ಕುಲದ್ದು, ಹಿಂದೆ ಹುಚ್ಚಾಸ್ಪತ್ರೆಗಳಲ್ಲಿದ್ದ ಬಹಳಷ್ಟು ರೋಗಿಗಳ ಮಿದುಳಿನಲ್ಲಿ ನಿಜಕ್ಕೂ ಇದ್ದದ್ದು ಅದೇ ಎಂದು ಮೇಡಂ ವಿವರಿಸಿದರು. ಡೆನ್ಮಾರ್ಕಿನ ಇಡೀ ಜನಸಂಖ್ಯೆಯ ದಾಖಲೆಗಳನ್ನಿಟ್ಟುಕೊಂಡು ಮಾಡಿ 2021ರಲ್ಲಿ ಪ್ರಕಟವಾದ ಅಧ್ಯಯನವೊಂದು, ಆಸ್ಪತ್ರೆಯಲ್ಲಿ ಲೈಮ್ ಎಂದು ಗುರುತಿಸಲ್ಪಟ್ಟವರಲ್ಲಿ ಮನೋರೋಗಗಳ ಪ್ರಮಾಣ ಉಳಿದವರಿಗಿಂತ ಶೇ. 28ರಷ್ಟು ಹೆಚ್ಚಿತ್ತೆಂದು ಹೇಳಿದ್ದನ್ನು ನಾನು ಆಮೇಲೆ ಓದಿದೆ. ಆದರೆ ಅಲ್ಲಿಯೂ ಬಹುಪಾಲು ಲೈಮ್ ರೋಗಿಗಳಿಗೆ ಮನೋರೋಗ ಬಂದಿರಲಿಲ್ಲ ಎಂಬುದನ್ನೂ ಸೇರಿಸಿಯೇ ಓದಬೇಕು.

ನರರೋಗ ತಜ್ಞರು ಬೆನ್ನಿನ ನೀರು ತೆಗೆದರು. ರಕ್ತದ ಜೊತೆಗೆ ಅದನ್ನೂ ಬೆಂಗಳೂರಿಗೆ ಕಳಿಸಿದರು. ಎರಡು ಹಂತದ ರಕ್ತಪರೀಕ್ಷೆಯೂ ಬೆನ್ನಿನ ನೀರಿನಲ್ಲಿದ್ದ ಉರಿಯೂತದ ಲಕ್ಷಣವೂ ಒಂದೇ ಕಡೆ ಬೆರಳು ತೋರಿಸಿದ ಮೇಲೆಯೇ ಸೆಫ್ಟ್ರಿಯಾಕ್ಸೋನ್ ಎಂಬ ಆಂಟಿಬಯಾಟಿಕ್ ಶುರುವಾಯಿತು, ದಿನಕ್ಕೊಮ್ಮೆ 2 ಗ್ರಾಂ, ನೇರ ರಕ್ತನಾಳಕ್ಕೆ. ಮನೋವೈದ್ಯೆ ತಮ್ಮ ಮಾತ್ರೆಗಳನ್ನು ಮಾತ್ರ ನಿಲ್ಲಿಸಲಿಲ್ಲ. ಮೂಲ ಸಿಕ್ಕಿತಲ್ಲ, ಇವು ಯಾಕೆ ಬೇಕು ಎಂದು ಅಕ್ಕ ವಾದಿಸಿದಾಗ, "ಅವ್ವಾ, ಮೂಲ ಹೋಗೋತನಕ ಹುಡುಗ ನಿದ್ದಿ ಮಾಡಬೇಕಲ್ಲ" ಎಂದಷ್ಟೇ ಹೇಳಿದರು. ನಿದ್ದೆ ಮೊದಲು ಮರಳಿತು, ಗುಮಾನಿ ಆಮೇಲೆ ಕರಗಿತು, ಲೆಕ್ಕ ಎಲ್ಲಕ್ಕಿಂತ ತಡವಾಗಿ ಹತ್ತಿತು. ಅದರಲ್ಲಿ ಯಾವುದು ಯಾವ ಔಷಧದ ಪುಣ್ಯವೆಂದು ತಮಗೂ ಬಿಡಿಸಿ ಹೇಳಲಾಗದು ಎಂದು ಮೇಡಂ ಒಪ್ಪಿಕೊಂಡದ್ದು, ನನಗೆ ಅವರ ಮೇಲಿದ್ದ ನಂಬಿಕೆಯನ್ನು ಹೆಚ್ಚಿಸಿತು.

ಅಕ್ಕನಿಗೆ ಈಗ ಕಂಡವರಲ್ಲೆಲ್ಲ ಲೈಮ್ ಕಾಣುತ್ತದೆ. ಯಾದಗಿರಿ ದಾಟಿ ಎಲ್ಲಿಗೂ ಹೋಗದ, ವರ್ಷದಿಂದ ಮಂಕಾಗಿ ಕೂತ ನಮ್ಮ ಮೈದುನನೊಬ್ಬನಿಗೂ ಅದೇ ಪರೀಕ್ಷೆ ಬರೆದುಕೊಡಬೇಕೆಂದು ಕೇಳಿದಳು. ರೋಗ ಇರುವ ಸಂಭವವೇ ತೀರ ಕಡಿಮೆಯಿರುವವರಲ್ಲಿ ಆ ಪರೀಕ್ಷೆ ಇಲ್ಲದ ರೋಗವನ್ನು ಇದೆಯೆಂದು ತೋರಿಸುವ ಅಪಾಯವೇ ಹೆಚ್ಚು ಎಂದು ಮೇಡಂ ಅದನ್ನು ಬರೆಯಲು ಒಪ್ಪಲಿಲ್ಲ. ಬದಲಿಗೆ ಥೈರಾಯ್ಡ್ ಮತ್ತು ಬಿ12 ಪರೀಕ್ಷೆ ಬರೆದು, ಅವನೇನು ಊಟ ಮಾಡುತ್ತಾನೆ, ಕಾಲು ಜೋಮು ಹಿಡಿಯುತ್ತದೆಯೇ, ಯಾವ ಮಾತ್ರೆ ನುಂಗುತ್ತಾನೆ ಎಂದು ಕೇಳತೊಡಗಿದರು.