ಮೂಡೆಯ ಎಲೆ ಯಾರ ಕೈ ದಾಟಿ ಬಂತು?

ಆಹಾರದ ಮೂಲಕ ಸಮುದಾಯಗಳನ್ನು ಅರಿಯಬೇಕು ಎಂದು ಮಾನವಶಾಸ್ತ್ರಕ್ಕೆ ಬರುವವರಲ್ಲಿ ಹೆಚ್ಚಿನವರು ಮೊದಲ ದಿನವೇ ರೆಸಿಪಿ ಕೇಳಲು ಕೂರುತ್ತಾರೆ. ರೆಸಿಪಿಯಲ್ಲಿ ಸಿಗುವುದು ಒಂದು ಮನೆ ಮಾತ್ರ. ಮಂಗಳೂರಿನಂಥ ಊರಲ್ಲಿ ಮನೆಮನೆಗಳ ನಂಟು ಬೇಕಿದ್ದರೆ ಸಾಮಾನು ಎಲ್ಲಿಂದ ಬಂತು, ಯಾರ ಕೈ ದಾಟಿತು, ಮಿಕ್ಕಿದ್ದು ಯಾರ ಮನೆಗೆ ಹೋಯಿತು ಎಂದು ಕೇಳಬೇಕು.

ಹೊಸಬರಿಗೆ ಆಗಸ್ಟ್–ಸೆಪ್ಟೆಂಬರ್ ಒಳ್ಳೆಯ ಕಾಲ. ಅಷ್ಟಮಿ, ಚೌತಿ, ಸೆಪ್ಟೆಂಬರ್ 8ರ ಮೊಂತಿ ಫೆಸ್ತ್ (ಕೊಂಕಣಿ ಕ್ಯಾಥೊಲಿಕರು ಆಚರಿಸುವ ಮೇರಿ ಮಾತೆಯ ಹುಟ್ಟುಹಬ್ಬ), ತೆನೆ ಹಬ್ಬ ಎಲ್ಲವೂ ಹತ್ತಿರ ಹತ್ತಿರ ಬರುತ್ತವೆ. ಹಿಂದೂ ಮನೆಗಳಲ್ಲಿ ತೆನೆಯನ್ನು ಬಾಗಿಲಿಗೆ ಕಟ್ಟುತ್ತಾರೆ. ಇಗರ್ಜಿಯಲ್ಲಿ (ಚರ್ಚಿನಲ್ಲಿ) ತೆನೆ ಆಶೀರ್ವದಿಸಿ ಮನೆಗೊಂದರಂತೆ ಕೊಡುತ್ತಾರೆ. ಅದರ ಕಾಳು ಸುಲಿದು ಪಾಯಸಕ್ಕೋ ತೆಂಗಿನಹಾಲಿಗೋ ಸೇರಿಸುತ್ತಾರೆ, ಆ ದಿನದ ಊಟ ಸಸ್ಯಾಹಾರ. ಒಂದೇ ಗದ್ದೆಯ ತೆನೆ ಯಾವ ಯಾವ ಬಾಗಿಲಿಗೆ ಹೋಗುತ್ತದೆ ಎಂದು ಬರೆದುಕೊಂಡರೆ ಊರಿನ ನಕ್ಷೆಯೇ ಸಿಗುತ್ತದೆ. ಸ್ವಂತ ಗದ್ದೆ ಇಲ್ಲದ ನಗರದ ಮನೆಗೆ ತೆನೆ ಹೇಗೆ ಬರುತ್ತದೆ ಎಂಬುದಂತೂ ಬೇರೆಯೇ ಒಂದು ಅಧ್ಯಾಯಕ್ಕೆ ಸಾಲುವ ವಿಷಯ.

ಅದೇ ದಿನಗಳಲ್ಲಿ ಮೂಡೆಯನ್ನೂ, ಅಂದರೆ ಎಲೆಯ ಕೊಳವೆಯಲ್ಲಿ ಬೇಯಿಸುವ ಇಡ್ಲಿಯನ್ನೂ, ಹಿಂಬಾಲಿಸಿ. ಮುಂಡೇವು (ಕೇದಗೆ ಜಾತಿಯ ಗಿಡ) ಎಲೆಗೆ ಎರಡು ಅಂಚಲ್ಲೂ ನಡು ನರದ ಹಿಂಬದಿಯಲ್ಲೂ ಮುಳ್ಳು. ಮೂರೂ ಸಾಲು ತೆಗೆದು, ಎಲೆಯನ್ನು ಬೆಂಕಿಗೆ ಹಿಡಿದು ಬಾಡಿಸಿ, ಕೊಳವೆಯಾಗಿ ಸುತ್ತಿ, ಬುಡಕ್ಕೆ ಕಡ್ಡಿ ಚುಚ್ಚುತ್ತಾರೆ. ಬಾಡಿಸದಿದ್ದರೆ ಮಡಿಕೆಯಲ್ಲಿ ಸೀಳಿ ಹಿಟ್ಟು ಸೋರುತ್ತದೆ. ಹಿಟ್ಟು ಸಾಮಾನ್ಯವಾಗಿ ಒಂದು ಪಾಲು ಉದ್ದು, ಎರಡು ಪಾಲು ಅಕ್ಕಿತರಿ. ಉಬ್ಬುವುದರಿಂದ ಮುಕ್ಕಾಲು ಮಾತ್ರ ತುಂಬಬೇಕು. ಇಷ್ಟು ಎಲ್ಲರೂ ಬರೆಯುತ್ತಾರೆ. ತೋಡಿನ ಬದಿಯಿಂದ ಎಲೆ ಕಡಿದವರು, ಮುಳ್ಳು ತೆಗೆದು ಸುತ್ತಿದವರು, ಪೇಟೆಯಲ್ಲಿ ಮಾರಿದವರು, ಹಿಟ್ಟು ಎರೆದವರು ಒಂದೇ ಜಾತಿಯವರೇ, ಒಂದೇ ಭಾಷೆಯವರೇ? ಒಂದು ಮೂಡೆಗೆ ಯಾರಿಗೆ ಎಷ್ಟು ಸಿಕ್ಕಿತು? ನಿಮ್ಮ ಅಧ್ಯಯನ ಇರುವುದು ಇಲ್ಲಿ.

ಅಳತೆಯಲ್ಲಿ ತಪ್ಪುವವರು ಬಹಳ. ಅಡುಗೆಮನೆಯ ಪಾವು, ಸೇರು ಅಂದರೆ ಗಾತ್ರದ ಅಳತೆ, ತೂಕವಲ್ಲ. ಆ ಮನೆಯ ಪಾವಿನಲ್ಲೇ ಕುಚ್ಚಲಕ್ಕಿ, ಬೆಳ್ತಿಗೆ, ಉದ್ದು ಮೂರನ್ನೂ ಬೇರೆ ಬೇರೆ ತೂಗಿ. ತಲೆ ಸವರಿ ಅಳೆದರೋ ಗೋಪುರ ಮಾಡಿ ಅಳೆದರೋ ಅದನ್ನೂ ಬರೆಯಿರಿ. ಪಾತ್ರೆಯ ತೂಕ ಮೊದಲೇ ತೆಗೆದಿಡಿ. ಅಡುಗೆ ಶುರುವಾದ ಮೇಲೆ ಯಾರೂ ನಿಮಗಾಗಿ ಪಾತ್ರೆ ಖಾಲಿ ಮಾಡುವುದಿಲ್ಲ.

“ನೀವು ಏನು ತಿನ್ನುತ್ತೀರಿ?” ಎಂದು ಕೇಳಿದರೆ ತಿನ್ನಬೇಕಾದ್ದನ್ನು ಹೇಳುತ್ತಾರೆ. “ನಿನ್ನೆ ಎದ್ದ ಮೇಲೆ ಮೊದಲು ಏನು ಕುಡಿದಿರಿ?” ಎಂದು ಶುರುಮಾಡಿ 24 ಗಂಟೆಯ ಲೆಕ್ಕ ತೆಗೆಯಿರಿ. ಹಬ್ಬದ ದಿನ, ವಾರದ ದಿನ, ಮೀನು ತಿನ್ನದ ದಿನ ಮೂರೂ ಬೇಕು. ಜೂನ್–ಜುಲೈಯಲ್ಲಿ ಯಾಂತ್ರೀಕೃತ ದೋಣಿಗಳಿಗೆ ನಿಷೇಧವಿರುತ್ತದೆ. ಆ ಎರಡು ತಿಂಗಳಲ್ಲೇ ಮಲ್ಪೆಯ ಮನೆಗಳನ್ನು ನೋಡಿ ‘ಇವರದು ಒಣಮೀನಿನ ಊಟ’ ಎಂದು ಬರೆದರೆ ವರ್ಷದ ಉಳಿದ ಹತ್ತು ತಿಂಗಳ ಬಗ್ಗೆ ಸುಳ್ಳು ಬರೆದಂತೆ.

ಹೆಸರನ್ನು ಆ ಮನೆಯವರ ಬಾಯಲ್ಲಿ ಬಂದ ಹಾಗೆಯೇ ಬರೆದುಕೊಳ್ಳಿ. ತುಳುವಿನ ಭೂತಾಯಿ ಮೀನು ಕೊಂಕಣಿಯಲ್ಲಿ ತಾರ್ಲೊ. ಎರಡು ಮೀನೆಂದು ಎಣಿಸಿದರೆ ಪಟ್ಟಿ ಕೆಡುತ್ತದೆ. ತುಳು ಪದಗಳಿಗೆ ಉಡುಪಿಯ ಗೋವಿಂದ ಪೈ ಸಂಶೋಧನ ಕೇಂದ್ರದ 6 ಸಂಪುಟಗಳ ತುಳು ನಿಘಂಟು ಪಕ್ಕದಲ್ಲಿರಲಿ.

ಒಳಗೆ ಬರಬಹುದೇ ಎಂದು ಅಡುಗೆಮನೆಯ ಹೊಸಿಲಲ್ಲೇ ನಿಂತು ಕೇಳಿ. ಮಡಿ ಇರುವ ಮನೆಯಲ್ಲಿ ಹೊಸಿಲಾಚೆ ಕೂತೇ ಬರೆಯಬಹುದು. ಸನ್ನಕ್ಕೆ (ಆವಿಯಲ್ಲಿ ಬೇಯಿಸುವ ಅಕ್ಕಿಯ ತಿಂಡಿ) ಶೇಂದಿ ಹಾಕಿದ್ದು, ಯಾವ ಮಾಂಸ ಎಂಬುದು ನೆರೆಯವರ ಎದುರು ಬಾಯಿಗೆ ಬರಬಾರದು. ಊರಿನ ಹೆಸರನ್ನೂ ಬದಲಿಸಿ, ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸರು ಅಧ್ಯಯನ ಮಾಡಿದ ಹಳ್ಳಿ ‘ರಾಂಪುರ’ವೂ ಇಟ್ಟ ಹೆಸರೇ.

ಆ ರಾಂಪುರದ ಸಂಸ್ಕರಿಸಿದ ಟಿಪ್ಪಣಿಗಳ ಮೂರೂ ಪ್ರತಿ 1970ರಲ್ಲಿ ಸ್ಟ್ಯಾನ್‌ಫರ್ಡ್‌ನಲ್ಲಿ ಬೆಂಕಿಗೆ ಸಿಕ್ಕವು; ಮೂರೂ ಒಂದೇ ಕಡೆ ಇದ್ದವು. ನೀವು ಕೇಳಿ ಬಂದ ದಿನದ ಸಂಜೆಯೇ ಟಿಪ್ಪಣಿ ತಿದ್ದಿ ಬರೆಯಿರಿ, ಪುಟಗಳ ಫೋಟೋ ತೆಗೆಯಿರಿ, ಒಂದು ಪ್ರತಿಯನ್ನು ಬೇರೆ ಊರಿನಲ್ಲಿಡಿ. ಮಳೆಗಾಲದಲ್ಲಿ ಶಾಯಿ ಪೆನ್ನು ಬೇಡ, ಪೆನ್ಸಿಲ್ ಸಾಕು.