ಶಿರಸಿಯಿಂದ ಉಡುಪಿಗೆ: ಟೋಲ್ ಕೊಟ್ಟು ಹೋಗೋದಾ, ಸುತ್ತಿ ಹೋಗೋದಾ?

ಶರಾವತಿ ಹಿನ್ನೀರಿನ ಮೇಲೆ ಸಿಗಂದೂರು ಸೇತುವೆ ಆದ್ಮೇಲೆ ನಮ್ಮ ಶಿರಸಿ ಕಡೆ ಯಾರ ಮನೆಗೆ ಹೋದ್ರೂ, ಮದುವೆ ಊಟದ ಪಂಕ್ತಿಯಲ್ಲಿ ಕೂತ್ರೂ ಈ ಮಾತು ಬಂದೇ ಬರ್ತದೆ. "ಉಡುಪಿಗೆ ಹೋಗ್ಲಿಕ್ಕೆ ಈಗ ಕುಮಟಾ ಇಳಿಯೋದ್ಯಾಕೆ ಮಾರಾಯ, ಸಾಗರದ ಮೇಲೆ ಹೋದ್ರೆ ಟೋಲೇ ಇಲ್ವಲ್ಲ" ಅಂತ. ನಾನು ಎರಡೂ ದಾರಿಯಲ್ಲಿ ಗಾಡಿ ಓಡಿಸಿದೀನಿ, ಇವೆರಡೂ ಬಿಟ್ಟು ಮೂರನೇದೂ ಒಂದಿದೆ, ಅದರಲ್ಲೂ ಹೋಗಿದೀನಿ. ಟೋಲ್ ಉಳೀತು ಅಂತ ಎಲ್ಲರೂ ಹೇಳ್ತಾರೆ, ಅದೇ ದಾರಿಗೆ ಪೆಟ್ರೋಲ್ ಎಷ್ಟು ಹೋಯ್ತು ಅಂತ ಯಾರೂ ಹೇಳೋದಿಲ್ಲ, ಹಾಗಾಗಿ ಲೆಕ್ಕ ಬರೆದೇ ಬಿಡೋಣ ಅನಿಸ್ತು.

ಮೊದಲು ಎಲ್ಲರಿಗೂ ರೂಢಿಯಲ್ಲಿರೋ ದಾರಿ. ಶಿರಸಿಯಿಂದ ದೇವಿಮನೆ ಘಟ್ಟ ಇಳಿದು ಕುಮಟಾ, ಅಲ್ಲಿಂದ ರಾಷ್ಟ್ರೀಯ ಹೆದ್ದಾರಿ 66 ಹಿಡಿದು ಹೊನ್ನಾವರ, ಭಟ್ಕಳ, ಬೈಂದೂರು, ಕುಂದಾಪುರ, ಉಡುಪಿ. ಹೆಚ್ಚುಕಡಿಮೆ 200 ಕಿ.ಮೀ. ಮೂರು ಟೋಲ್: ಕುಮಟಾ ದಾಟಿದ್ಮೇಲೆ ಹೊಳೆಗದ್ದೆ, ಭಟ್ಕಳ ದಾಟಿದ್ಮೇಲೆ ಶಿರೂರು (ಗುಡ್ಡ ಕುಸಿದ ಅಂಕೋಲಾದ ಶಿರೂರು ಅಲ್ಲ, ಇದು ಬೈಂದೂರಿನದ್ದು), ಕುಂದಾಪುರ ದಾಟಿದ್ಮೇಲೆ ಸಾಸ್ತಾನ. ಉಡುಪಿಗೇ ನಿಲ್ಲದೆ ಮಂಗಳೂರಿಗೆ ಹೋಗೋರಿಗೆ ಹೆಜಮಾಡಿ ಇನ್ನೊಂದು. ಸುರತ್ಕಲ್‌ನಲ್ಲಿದ್ದದ್ದು ಜನ ವರ್ಷಗಟ್ಟಲೆ ಹೋರಾಡಿದ ಮೇಲೆ 2022ರ ಡಿಸೆಂಬರ್‌ನಲ್ಲಿ ಹೋಯ್ತು.

ಟೋಲ್ ರೇಟು ಹ್ಯಾಗೆ ಕಟ್ತಾರೆ ಅಂತ ಬಹಳ ಜನಕ್ಕೆ ಗೊತ್ತಿಲ್ಲ. 2008ರ ನಿಯಮದ ಪ್ರಕಾರ ನಾಲ್ಕು ಪಥದ ರಸ್ತೆಯಲ್ಲಿ ಕಾರಿಗೆ ಕಿ.ಮೀ.ಗೆ 65 ಪೈಸೆ ಮೂಲ ದರ, ಅದರ ಮೇಲೆ ಪ್ರತಿ ವರ್ಷ ಏಪ್ರಿಲ್ 1ಕ್ಕೆ ಬೆಲೆ ಸೂಚ್ಯಂಕ ನೋಡಿ ಏರಿಸ್ತಾ ಬಂದಿದಾರೆ, ದೊಡ್ಡ ಸೇತುವೆ, ಬೈಪಾಸ್ ಇದ್ರೆ ಅದಕ್ಕೆ ಬೇರೆ ಲೆಕ್ಕ. ಅಂದ್ರೆ ನಾವು ಕೊಡೋದು ಆ ಗೇಟಿಗಲ್ಲ, ಆ ಗೇಟಿನ ಪಾಲಿಗೆ ಬರೋ ಇಷ್ಟು ಕಿ.ಮೀ. ರಸ್ತೆಗೆ. 24 ಗಂಟೆಯೊಳಗೆ ವಾಪಸ್ ಬಂದ್ರೆ ಎರಡೂ ಸೇರಿ ಒಂದೂವರೆ ಪಟ್ಟು ಮಾತ್ರ. ಬೆಳಿಗ್ಗೆ ಹೋಗಿ ರಾತ್ರಿ ಬರೋರು ಇದನ್ನು ಲೆಕ್ಕಕ್ಕೆ ಹಿಡಿಯೋದೇ ಇಲ್ಲ. ಫಾಸ್ಟ್ಯಾಗ್ ಇಲ್ದೆ ಹೋದ್ರೆ, 2025ರ ನವೆಂಬರ್ 15ಕ್ಕೆ ಬಂದ ನಿಯಮದಲ್ಲಿ ಕ್ಯಾಶ್‌ಗೆ ಡಬಲ್, ಯುಪಿಐ ಮಾಡಿದ್ರೆ ಒಂದೂಕಾಲು ಪಟ್ಟು ಇತ್ತು. ಹೊರಡೋ ಹಿಂದಿನ ದಿನ ಟ್ಯಾಗ್‌ನಲ್ಲಿ ಬ್ಯಾಲೆನ್ಸ್ ಉಂಟೋ ಇಲ್ವೋ ನೋಡ್ಕೊಳ್ಳಿ, ಸುತ್ತಿ ಉಳಿಸೋ ದುಡ್ಡಿಗಿಂತ ಜಾಸ್ತಿ ಇಲ್ಲೇ ಉಳೀತದೆ.

ಈಗ ಆ ಮೂರನೇ ದಾರಿ. ಶಿರಸಿ, ಸಿದ್ದಾಪುರ, ಮಾವಿನಗುಂಡಿ, ಅಲ್ಲಿಂದ ಗೇರುಸೊಪ್ಪೆ ಇಳಿದು ಹೊನ್ನಾವರ. ಹೊಳೆಗದ್ದೆ ಟೋಲ್ ಇರೋದು ಕುಮಟಾ ಹೊನ್ನಾವರ ಮಧ್ಯೆ, ಹಾಗಾಗಿ ಅದೊಂದು ತಪ್ಪಿತು. ಸರಿ, ಆದ್ರೆ ಎಷ್ಟು ಸುತ್ತು? ಕುಮಟಾ ಮೇಲೆ ಹೊನ್ನಾವರಕ್ಕೆ 80 ಕಿ.ಮೀ. ಆಗೋದು ಇಲ್ಲಿ 110 ದಾಟ್ತದೆ. ಪೆಟ್ರೋಲ್ ಲೀಟರಿಗೆ ನೂರರ ಮೇಲೆ, ಘಟ್ಟದ ರಸ್ತೆಯಲ್ಲಿ ಸಣ್ಣ ಕಾರು ಲೀಟರಿಗೆ 15 ಕೊಟ್ರೆ ಪುಣ್ಯ, ಅಂದ್ರೆ ಕಿ.ಮೀ.ಗೆ ಏಳು ರೂಪಾಯಿ ಹತ್ತಿರ. 30 ಕಿ.ಮೀ. ಸುತ್ತಿದ್ರೆ 200 ರೂಪಾಯಿ ಪೆಟ್ರೋಲು. ಹೊಳೆಗದ್ದೆಯಲ್ಲಿ ಕಾರಿಗೆ ಅಷ್ಟು ಟೋಲ್ ಇಲ್ಲವೇ ಇಲ್ಲ. ಜೋಗ ನೋಡ್ಕೊಂಡು ಹೋಗ್ಲಿಕ್ಕೆ ಆದ್ರೆ ಅಡ್ಡಿಲ್ಲ, ಟೋಲ್ ಉಳಿಸ್ಲಿಕ್ಕೆ ಅಂತ ಹೋದ್ರೆ ಪಕ್ಕಾ ಲಾಸು.

ಸಿಗಂದೂರು ದಾರಿಯ ಕಥೆ ಸ್ವಲ್ಪ ಬೇರೆ. ಶಿರಸಿಯಿಂದ ಸಾಗರ, ಅಂಬಾರಗೋಡ್ಲು, ಸೇತುವೆ ದಾಟಿ ಕಳಸವಳ್ಳಿ, ತುಮರಿ, ಬ್ಯಾಕೋಡು, ನಿಟ್ಟೂರು, ನಾಗೋಡಿ ಘಟ್ಟ ಇಳಿದು ಕೊಲ್ಲೂರು, ಅಲ್ಲಿಂದ ಹೆಮ್ಮಾಡಿಗೆ ಬಂದು ಹೆದ್ದಾರಿ ಸೇರೋದು. ಹೊಳೆಗದ್ದೆ, ಶಿರೂರು ಎರಡೂ ತಪ್ಪಿತು, ಆದ್ರೆ ಸಾಸ್ತಾನ ತಪ್ಪೋದಿಲ್ಲ, ಟೋಲೇ ಇಲ್ಲ ಅನ್ನೋ ಮಾತು ಇಲ್ಲೇ ಸುಳ್ಳಾಯ್ತು. ಕುಮಟಾ ದಾರಿಗಿಂತ 25-30 ಕಿ.ಮೀ. ಉದ್ದ. ಅಂದ್ರೆ ಎರಡು ಟೋಲ್ ಉಳಿಸಿ ಹೆಚ್ಚುಕಡಿಮೆ ಅಷ್ಟನ್ನೇ ಬಂಕಿಗೆ ಕೊಟ್ಟ ಹಾಗೆ. ಅದೇ ದಿನ ವಾಪಸ್ ಬರೋದಿದ್ರೆ ಕರಾವಳಿಯ ದಾರಿಯೇ ಸಸ್ತಾ ಬೀಳ್ತದೆ.

ಆದ್ರೂ ಆ ಸೇತುವೆ ಮೇಲೆ ಹೋಗುವಾಗ ಆಗೋ ಸಂತೋಷ ದುಡ್ಡಿನದ್ದಲ್ಲ. 2025ರ ಜುಲೈ 14ರ ತನಕ ಅಲ್ಲಿ ಗಾಡಿ ಹತ್ತಿಸ್ಕೊಂಡು ಹಿನ್ನೀರು ದಾಟಿಸೋ ದೋಣಿ, ಅಂದ್ರೆ ಲಾಂಚೇ ಗತಿ. ಹೊಳೆಬಾಗಿಲಲ್ಲಿ ಗಾಡಿ ಸಾಲು ನಿಲ್ಲಿಸ್ಕೊಂಡು ಕಾಯೋದು, ಸಂಜೆ ಆಯ್ತು ಅಂದ್ರೆ ಲಾಂಚ್ ಬಂದ್, ಬೇಸಿಗೆಯಲ್ಲಿ ಹಿನ್ನೀರು ಇಳಿದ್ರೆ ದೊಡ್ಡ ಗಾಡಿ ಹತ್ತಿಸೋದಿಲ್ಲ. ಲಿಂಗನಮಕ್ಕಿ ಅಣೆಕಟ್ಟು ಕಟ್ಟಿದಾಗಿಂದ ದ್ವೀಪದ ಹಾಗೆ ಉಳಿದ ತುಮರಿ ಕಡೆಯವರು ಹೊತ್ತಲ್ಲದ ಹೊತ್ತಲ್ಲಿ ಬಸುರಿ ಹೆಂಗಸರನ್ನು ಸಾಗರಕ್ಕೆ ಕರ್ಕೊಂಡು ಹೋಗ್ಲಿಕ್ಕೆ ಪಟ್ಟ ಪಾಡು ಕೇಳಿದ್ರೆ ಕಣ್ಣಲ್ಲಿ ನೀರು ಬರ್ತದೆ. ಈಗ ಎರಡೂವರೆ ಕಿ.ಮೀ. ಹತ್ತಿರದ ಸೇತುವೆ, ಎರಡೂ ಬದಿ ಬರೀ ನೀರು, ಕೆಲವೇ ನಿಮಿಷದಲ್ಲಿ ಆ ದಡ. ಸೇತುವೆ ಅಗಲವಾಗಿದೆ, ಆಚೆ ಕಡೆ ರಸ್ತೆ ಮಾತ್ರ ಸಣ್ಣದು, ಎದುರಿಂದ ಬಸ್ ಬಂದ್ರೆ ಗಾಡಿ ಇಳಿಸಿ ನಿಲ್ಲಬೇಕು. ಫೋನ್ ಸಿಗ್ನಲ್ ನಂಬಬೇಡಿ, ಸಾಗರದಲ್ಲೇ ಟ್ಯಾಂಕ್ ತುಂಬಿಸ್ಕೊಳ್ಳಿ, ಮಳೆಗಾಲದ ರಾತ್ರಿ ನಾಗೋಡಿ ಘಟ್ಟ ಬೇಡವೇ ಬೇಡ.

ಹಾಗಂತ ದೇವಿಮನೆಯನ್ನೂ ನಂಬೋ ಹಾಗಿಲ್ಲ. ಅಗಲ ಮಾಡೋ ಕೆಲಸ ಅಂತ, ಮಳೆಗೆ ಧರೆ ಕುಸೀತು ಅಂತ ಎಷ್ಟೋ ಸಲ ಬಂದ್ ಆಗಿದೆ, ಆಗ ದೊಡ್ಮನೆ ಘಟ್ಟ ಹಿಡೀಬೇಕು. ಹೊರಡೋ ಮೊದಲು ಕುಮಟಾದಲ್ಲಿ ಯಾರಿಗಾದ್ರೂ ಒಂದು ಫೋನ್ ಹಾಕಿ ಕೇಳೋದು ಒಳ್ಳೇದು.

ಪದೇ ಪದೇ ಓಡಾಡೋರಿಗೆ ಫಾಸ್ಟ್ಯಾಗ್‌ನ ವಾರ್ಷಿಕ ಪಾಸ್ ಬಂದ್ಮೇಲೆ ಲೆಕ್ಕವೇ ತಿರುಗಿತು. 2025ರ ಆಗಸ್ಟ್ 15ಕ್ಕೆ ಶುರುವಾದಾಗ 3000 ರೂಪಾಯಿಗೆ 200 ಸಲ ಗೇಟ್ ದಾಟೋದು ಇಲ್ಲಾ ಒಂದು ವರ್ಷ, ಯಾವುದು ಮೊದಲೋ ಅದು. ಅಂದ್ರೆ ಆಗಿನ ಲೆಕ್ಕದಲ್ಲಿ ಒಂದು ಗೇಟಿಗೆ 15 ರೂಪಾಯಿ. ನಮ್ಮ ಉಡುಪಿ ದಾರಿಯಲ್ಲಿ ಹೋಗಿ ಬರ್ಲಿಕ್ಕೆ ಆರು ಗೇಟು, 90 ರೂಪಾಯಿಗೆ ಮುಗೀತು. ಪಾಸ್ ಇಲ್ದೆ ಗೇಟಿಗೆ 100 ಅಂತ ಹಿಡಿದ್ರೂ 30 ಸಲ ದಾಟಿದ್ರೆ, ಅಂದ್ರೆ ಐದು ಸಲ ಹೋಗಿ ಬಂದ್ರೆ ಪಾಸಿನ ದುಡ್ಡು ಹುಟ್ಟಿತು. ಮಕ್ಕಳು ಮಣಿಪಾಲದಲ್ಲೋ ಮಂಗಳೂರಲ್ಲೋ ಓದ್ತಾ ಇದ್ರೆ ಯೋಚನೆ ಮಾಡದೆ ತಗೊಳ್ಳಿ, ಆಮೇಲೆ ಸುತ್ತೋ ಮಾತೇ ಇಲ್ಲ.

ಆದ್ರೆ ಇದು ಬಿಳಿ ಬೋರ್ಡ್ ಕಾರಿಗೆ ಮಾತ್ರ, ಹಳದಿ ಬೋರ್ಡಿಗೆ ಇಲ್ಲ. ನನಗೆ ನಿಜವಾಗಿ ಬೇಜಾರು ಆಗೋದು ಇಲ್ಲೇ. ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕು ಅಂತ ಎಷ್ಟು ವರ್ಷದಿಂದ ಕೂಗ್ತಾ ಇದೀವಿ. ಹಾರ್ಟಿನದ್ದು, ಕಿಡ್ನಿಯದ್ದು, ತಲೆಗೆ ಪೆಟ್ಟು ಬಿದ್ದಿದ್ದು ಏನೇ ಆದ್ರೂ ಕರಾವಳಿಯವರಿಗೆ ಮಣಿಪಾಲ, ಮಂಗಳೂರೇ ಗತಿ. 2022ರ ಜುಲೈ 20ರಂದು ಹೊನ್ನಾವರ ಕಡೆಯಿಂದ ಕುಂದಾಪುರಕ್ಕೆ ರೋಗಿಯನ್ನು ಕರ್ಕೊಂಡು ಹೊರಟ ಆಂಬುಲೆನ್ಸ್ ಶಿರೂರು ಟೋಲ್ ಗೇಟಲ್ಲೇ ಮಳೆಯಲ್ಲಿ ಜಾರಿ ಬಡಿದು ನಾಲ್ಕು ಜನ ಹೋದ್ರು, ಆ ವಿಡಿಯೋ ನೋಡಿದವರು ಯಾರೂ ಮರೆತಿಲ್ಲ. ಆಂಬುಲೆನ್ಸಿಗೆ ಟೋಲ್ ಇಲ್ಲ, ಖರೆ. ಆದ್ರೆ ಅದರ ಹಿಂದೆ ಹೋಗೋ ಮನೆಯವರ ಬಾಡಿಗೆ ಕಾರಿಗೆ ಉಂಟು, ವಾರಕ್ಕೊಮ್ಮೆ ಚೆಕಪ್ಪಿಗೆ ಹೋಗೋ ಟ್ಯಾಕ್ಸಿಗೆ ಉಂಟು, ಡ್ರೈವರ್ ಅದನ್ನು ಬಾಡಿಗೆಗೇ ಸೇರಿಸ್ತಾನೆ, ಅವನಾದ್ರೂ ಏನ್ ಮಾಡ್ತಾನೆ.

ಘಟ್ಟದ ಮೇಲಿನ ನಮಗೆ ಮೂರು ದಾರಿಯಲ್ಲಿ ಒಂದನ್ನು ಆರಿಸ್ಕೊಳ್ಳೋ ಭಾಗ್ಯ ಇದೆ. ಹೊನ್ನಾವರದವರಿಗೆ, ಭಟ್ಕಳದವರಿಗೆ ಎಲ್ಲಿದೆ? ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಘಟ್ಟ, ಮಧ್ಯೆ ಅಡ್ಡ ಬರೋ ಹೊಳೆಗಳು, ಹೊಳೆ ದಾಟ್ಲಿಕ್ಕೆ ಹೆದ್ದಾರಿಯ ಸೇತುವೆ. ಅವರ ಅಜ್ಜನ ಕಾಲದಿಂದ ಪುಕ್ಕಟೆ ಓಡಾಡಿದ ದಾರಿಯನ್ನೇ ಅಗಲ ಮಾಡಿ ಗೇಟ್ ಹಾಕಿದ್ದು, ಪಕ್ಕದಲ್ಲಿ ಹಳೇ ರಸ್ತೆ ಅಂತ ಬಿಟ್ಟಿಲ್ಲ. 2024ರ ಜುಲೈ 16ಕ್ಕೆ ಅಂಕೋಲಾದ ಶಿರೂರಲ್ಲಿ ಗುಡ್ಡ ಬಿದ್ದು ಹೆದ್ದಾರಿ ಬಂದ್ ಆದಾಗ ಕಾರವಾರ ಕುಮಟಾ ಮಧ್ಯೆ ಓಡಾಡೋರೆಲ್ಲ ಘಟ್ಟ ಹತ್ತಿ ಇಳೀಬೇಕಾಯ್ತು. ಇಂಥ ಕಡೆ ಟೋಲ್ ತಗೊಳ್ಳೋದಾದ್ರೆ ಕನಿಷ್ಠ ಆಸ್ಪತ್ರೆ ಚೀಟಿ ತೋರಿಸಿದ ಟ್ಯಾಕ್ಸಿಗಾದ್ರೂ ಬಿಡಬೇಕು, ಇಲ್ಲಾ ವಾರ್ಷಿಕ ಪಾಸನ್ನು ಹಳದಿ ಬೋರ್ಡಿನ ಸಣ್ಣ ಕಾರಿಗೂ ಕೊಡಬೇಕು. ಟೋಲಿಂದ 20 ಕಿ.ಮೀ. ಒಳಗಿನ ಮನೆಯವರ ಸ್ವಂತ ಕಾರಿಗೆ ಕಡಿಮೆ ದರದ ತಿಂಗಳ ಪಾಸ್ ಈಗಲೇ ಉಂಟು, ಹೊಳೆಗದ್ದೆ, ಶಿರೂರು ಹತ್ತಿರದವರು ಆಧಾರ್ ಮತ್ತೆ ಆರ್‌ಸಿ ತಗೊಂಡು ಹೋಗಿ ಪ್ಲಾಜಾ ಆಫೀಸಲ್ಲಿ ವಿಚಾರಿಸಿ.